ವಿಷ್ಣುತೀರ್ಥರ ಬೇಸ್ ಕ್ಯಾಂಪು

ಕ್ಯಾಂಪು ಎಂದರೆ ಗುಡಾರ ಹಾಕಿಕೊಂಡು, ಬೆಂಕಿ ಹೊತ್ತಿಸಿ, ಸುತ್ತ ಕೂತು ಹಾಡುವುದು ಎಂದು ತಿಳಿದವರು ಮದರಾಸಿನ ಸರ್ಕಾರಿ ಕಚೇರಿಯಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ಇಲ್ಲಿ ಕ್ಯಾಂಪು ಎಂದರೆ ಸಾಹೇಬರು ಕಚೇರಿ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆ ಎಂದರ್ಥ. 'ಸಾರ್ ಕ್ಯಾಂಪ್' ಎಂದು ಪ್ಯೂನ್ ಹೇಳಿದರೆ ಮುಗಿಯಿತು. ಬಂದವನು ಎರಡು ಹೆಜ್ಜೆ ಹಿಂದೆ ಸರಿದು ಖಾಲಿ ಕುರ್ಚಿಗೆ ನಮಸ್ಕಾರ ಹಾಕಿ ಹೋಗುತ್ತಾನೆ. ಕುರ್ಚಿಯಲ್ಲಿ ಕೂತ ಸಾಹೇಬರಿಗಿಂತ ಕ್ಯಾಂಪಿಗೆ ಹೋದ ಸಾಹೇಬರಿಗೆ ಮರ್ಯಾದೆ ಯಾವಾಗಲೂ ಒಂದು ತೂಕ ಹೆಚ್ಚು.

ಈ ಮರ್ಯಾದೆ ವೆಸ್ಟ್ ಮಾಂಬಲಂನ ವಿಷ್ಣುತೀರ್ಥರಿಗೆ ಮೂವತ್ತಾರು ವರ್ಷದ ಸರ್ವೀಸಿನಲ್ಲಿ ಒಂದು ದಿನವೂ ದಕ್ಕಲಿಲ್ಲ. ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನ ಉಗ್ರಾಣದಲ್ಲಿ ಅವರು ಬೋಗಿಯ ಬಾಗಿಲುಗಳ ಚಿಲಕ ಮತ್ತು ಕೀಲುಗಳಿಗೆ ಅಧಿಪತಿಯಾಗಿದ್ದರು. ಅವರ ಕೈ ದಾಟಿದ ಚಿಲಕಗಳು ಜಮ್ಮು ನೋಡಿದವು, ದಿಬ್ರುಗಢ ನೋಡಿದವು. ಅವರು ಮಾತ್ರ ಬೆಳಿಗ್ಗೆ ಮಾಂಬಲಂನಲ್ಲಿ ಗಾಡಿ ಹತ್ತಿ, ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು, ರಸ್ತೆ ದಾಟಿ ಇನ್ನೊಂದು ಗಾಡಿ ಹಿಡಿದು ಪೆರಂಬೂರು ಸೇರಿ, ಸಂಜೆ ಅದೇ ದಾರಿಯಲ್ಲಿ ವಾಪಸು ಬಂದರು. ಉಗ್ರಾಣದವನನ್ನು ಕ್ಯಾಂಪಿಗೆ ಕಳಿಸುವ ಪದ್ಧತಿ ಇರಲಿಲ್ಲ. ಉಗ್ರಾಣವೇ ಎದ್ದು ಎಲ್ಲಿಗಾದರೂ ಹೊರಟರೆ ಅದರ ಹಿಂದೆ ಅವರೂ ಹೋಗಬಹುದಿತ್ತು.

ನಿವೃತ್ತರಾಗಿ ಒಂದು ವರ್ಷವಾಗಿತ್ತು. ಎರಡನೆಯ ಮಹಡಿಯ ಫ್ಲಾಟಿನ ಚಿಕ್ಕ ಕೋಣೆಯಲ್ಲಿ ಒಂದು ಮಂಚ, ಮಂಚದ ಮೇಲೆ ಅವರು, ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲ 'ನೀರಜಾ, ಕಾಫಿ' ಎಂಬ ಕೂಗು. ಹೆಂಡತಿ ನೀರಜಾ ನಾಲ್ಕು ಸಲವೂ ತಂದುಕೊಡುತ್ತಿದ್ದಳು. ಮಗ ಗುರುಚರಣ ಬ್ಯಾಂಕಿಗೆ ಹೋಗುತ್ತಿದ್ದ. ಸೊಸೆ ಸಂಹಿತಾ ಹಾಲಿನಲ್ಲಿ ಚಾಪೆ ಹಾಸಿ ಹತ್ತನೆಯ ತರಗತಿಯ ಹುಡುಗಿಯರಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಮಾವನವರು ಬನಿಯನ್ನಿನಲ್ಲಿ ಆ ಕಡೆ ಈ ಕಡೆ ಓಡಾಡಿದಾಗಲೆಲ್ಲ ಅವಳ ಲೆಕ್ಕ ತಪ್ಪುತ್ತಿತ್ತಂತೆ.

ಕಥೆ ಶುರುವಾದದ್ದು ನೆಂಟರ ಮನೆಯ ಮುಂಜಿಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಯಲ್ಲಿ ಷಡ್ಡಕ ಕೃಷ್ಣಪ್ರಸಾದರು, ಅಂದರೆ ನೀರಜಾಳ ಅಕ್ಕನ ಗಂಡ. ಅವರು ಇನ್‌ಸ್ಪೆಕ್ಷನ್ ಕೆಲಸದಲ್ಲಿದ್ದು ನಿವೃತ್ತರಾದವರು. ಗುವಾಹಟಿ ಕ್ಯಾಂಪಿನಲ್ಲಿ ಸಾಸಿವೆ ಎಣ್ಣೆ ಕುಡಿಸಿದ್ದು, ನಾಗ್ಪುರ ಕ್ಯಾಂಪಿನಲ್ಲಿ ಕಲೆಕ್ಟರು ಎದ್ದು ನಿಂತದ್ದು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಹಯಗ್ರೀವ ಎರಡನೆಯ ಸುತ್ತು ಬಂತು. ಬಡಿಸಿಕೊಳ್ಳುತ್ತ ಅವರು ಈ ಕಡೆ ತಿರುಗಿದರು.

"ಸುಮ್ನೆ ಕೇಳ್ದೆ ವಿಷ್ಣು, ನಿಮ್ಮ ಸರ್ವೀಸಲ್ಲಿ ಒಂದಾದ್ರೂ ಕ್ಯಾಂಪ್ ಅಂತ ಇತ್ತಾ?"

ಪಂಕ್ತಿ ಇಡೀ ಕಿವಿ ನಿಮಿರಿಸಿತು. ವಿಷ್ಣುತೀರ್ಥರು ಅಂದು ಬೆಳಿಗ್ಗೆ ಫೋನಿನಲ್ಲಿ ಒಂದು ಜಾಹೀರಾತು ನೋಡಿದ್ದರು. ಕೆಂಪು ಜಾಕೆಟ್ ತೊಟ್ಟ ಬಿಳಿಗಡ್ಡದ ಮುದುಕನೊಬ್ಬ ಹಿಮದ ಮೇಲೆ ನಿಂತು ನಗುತ್ತಿದ್ದ. ಉತ್ತರಾಖಂಡ, ಹನ್ನೊಂದು ದಿನ, ಎತ್ತರ ನಾಲ್ಕು ಸಾವಿರದ ಆರುನೂರು ಮೀಟರು ಎಂದು ಕೆಳಗೆ ಬರೆದಿತ್ತು. ಮನುಷ್ಯ ಬೆಳಿಗ್ಗೆ ಏನು ನೋಡುತ್ತಾನೋ ಮಧ್ಯಾಹ್ನ ಬಾಯಿಗೆ ಅದೇ ಬರುತ್ತದೆ.

"ಈಗ ಹೋಗ್ತಿದೀನಲ್ಲ," ಎಂದರು ವಿಷ್ಣುತೀರ್ಥರು. "ಬೇಸ್ ಕ್ಯಾಂಪ್. ಹಿಮಾಲಯ."

ಅವರ ಲೆಕ್ಕಾಚಾರ ಸರಳವಾಗಿತ್ತು. ಈ ವಯಸ್ಸಿನಲ್ಲಿ ಹಿಮಾಲಯ ಹತ್ತುತ್ತೇನೆ ಎಂದರೆ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸುತ್ತಾಳೆ, ಮಗ ಗದರುತ್ತಾನೆ, ನೆಂಟರು ಬೇಡ ಬೇಡ ಎಂದು ಕೈ ಹಿಡಿಯುತ್ತಾರೆ. ಆಗ ತಾನು ಸ್ವಲ್ಪ ಹೊತ್ತು ಬಿಗಿಯಾಗಿದ್ದು ಕೊನೆಗೆ ದೊಡ್ಡ ಮನಸ್ಸು ಮಾಡಿ, 'ನೀವೆಲ್ಲ ಇಷ್ಟು ಹೇಳ್ತಿರೋದ್ರಿಂದ ನನ್ನ ಆಸೆ ನುಂಗಿಕೊಳ್ತೀನಿ' ಎನ್ನುವುದು. ಹೋದ ಹಾಗೂ ಆಯಿತು, ಮನೆಯಲ್ಲಿ ಉಳಿದ ಹಾಗೂ ಆಯಿತು. ಆ ವಾಕ್ಯವನ್ನು ಅವರು ಅಲ್ಲೇ, ಎಲೆಯ ಮುಂದೆ, ಎರಡು ಸಲ ಮನಸ್ಸಿನಲ್ಲಿ ಹೇಳಿಕೊಂಡು ಸಿದ್ಧವಾಗಿಟ್ಟುಕೊಂಡರು.

ಯಾರೂ ಬೇಡ ಎನ್ನಲಿಲ್ಲ. ಎದುರು ಸಾಲಿನಲ್ಲಿದ್ದ ಗುರುಚರಣ 'ಸೂಪರ್ ಪಾ' ಎಂದ. ಯಾವ ಕಂಪನಿ ಎಂದು ಕೇಳಿ, ಹುಳಿಯನ್ನ ಮುಗಿಯುವಷ್ಟರಲ್ಲಿ ಎಡಗೈಯಲ್ಲೇ ಫೋನು ಒತ್ತಿ, ಜೂನ್ ಎಂಟಕ್ಕೆ ಮದರಾಸಿನಿಂದ ಹೊರಡುವ ತಂಡದಲ್ಲಿ ಅಪ್ಪನ ಹೆಸರು ಬರೆಸಿಬಿಟ್ಟ. ಗ್ಯಾಸ್ ಸಿಲಿಂಡರ್ ಬುಕ್ ಮಾಡು ಎಂದರೆ ನಾಲ್ಕು ದಿನ ಮಾಡುತ್ತಿದ್ದ ಹುಡುಗ ಇವನು. ವಿಷ್ಣುತೀರ್ಥರು ಹೆಂಗಸರ ಪಂಕ್ತಿಯ ಕಡೆ ನೋಡಿದರು. ನೀರಜಾ ಅಕ್ಕನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವಳ ಮುಖದಲ್ಲಿ ಅಳುವಿನ ಲಕ್ಷಣವೇನೂ ಕಾಣಲಿಲ್ಲ.

ಅದೇ ಪಂಕ್ತಿಯ ತುದಿಯಲ್ಲಿ ಸೋದರತ್ತೆ ರತ್ನಾವತಿ ಕೂತಿದ್ದರು. ಎಂಬತ್ತಾರು ವರ್ಷ. ಕಿವಿಗೆ ಹಾಕುವ ಯಂತ್ರವನ್ನು ಮಡಿಗೆ ಬರುವುದಿಲ್ಲವೆಂದು ಡಬ್ಬಿಯಲ್ಲೇ ಇಟ್ಟು ಕಾಪಾಡುತ್ತಿದ್ದವರು. ಅವರಿಗೆ ಹಿಮಾಲಯ ಎಂಬುದು ಕೇಳಿಸಿತು, ಕ್ಯಾಂಪ್ ಎಂಬುದು ಕೇಳಿಸಿತು. ಹಿಂದಿನ 'ಬೇಸ್' ಮಾತ್ರ ಮಾಧ್ವರ ಕಿವಿಗೆ ಹೇಗೆ ಕೇಳಿಸಬೇಕೋ ಹಾಗೆ ಕೇಳಿಸಿತು: ವ್ಯಾಸ.

ವ್ಯಾಸ ಕ್ಯಾಂಪು! ಬದರಿಯ ಆಚೆ, ಮನುಷ್ಯರ ಕಣ್ಣಿಗೆ ಬೀಳದ ಮೇಲಿನ ಬದರಿಯಲ್ಲಿ ವೇದವ್ಯಾಸದೇವರು ಇವತ್ತಿಗೂ ಇದ್ದಾರೆ. ಆಚಾರ್ಯರು ಕೊನೆಗೆ ಅಲ್ಲಿಗೇ ಹೋದರು, ಮರಳಿ ಬರಲಿಲ್ಲ. ಇದು ಅವರ ಮನೆಗಳಲ್ಲಿ ತೊಟ್ಟಿಲ ಮಕ್ಕಳಿಗೂ ಗೊತ್ತಿರುವ ಸಂಗತಿ. ಸ್ವಾಮಿಗಳು ಬಿಡಾರ ಮಾಡಿದ ಜಾಗಕ್ಕೂ ಮಠದ ಕಡೆ ಕ್ಯಾಂಪು ಎಂದೇ ಹೆಸರು. ಹಾಗಾಗಿ ರತ್ನಾವತಿಯವರಿಗೆ ಎಲ್ಲ ಸಲೀಸಾಗಿ ಕೂಡಿಬಂತು. ಅಣ್ಣನ ಮಗ ಸಂಸಾರ ಬಿಟ್ಟು ವ್ಯಾಸರ ಸನ್ನಿಧಿಗೆ ಹೊರಟಿದ್ದಾನೆ. ಮುಂದಿನ ಏಕಾದಶಿಯೊಳಗೆ ಅವರು ಲ್ಯಾಂಡ್‌ಲೈನಿನಲ್ಲಿ ಕೋಡಂಬಾಕ್ಕಂನಿಂದ ತಾಂಬರಂವರೆಗಿನ ಎಲ್ಲ ಬಂಧುಗಳಿಗೂ ಸುದ್ದಿ ಮುಟ್ಟಿಸಿದರು. "ಹೆಸರಲ್ಲೇ ಸ್ವಾಮಿಗಳ ಹಾಗೆ ತೀರ್ಥ ಇದೆ ಕಣೇ. ನಮ್ಮಣ್ಣ ಇಡುವಾಗ್ಲೇ ನಂಗೆ ಅನ್ನಿಸ್ತು," ಎಂದು ಎಲ್ಲರಿಗೂ ಒಂದೇ ಮಾತು ಹೇಳಿದರಂತೆ.

ಮಾರನೆಯ ದಿನದಿಂದ ಮನೆಗೆ ಜನ ಬರಲು ಶುರುವಾಯಿತು. ವಿಷ್ಣುತೀರ್ಥರು ಬನಿಯನ್ನಿನಲ್ಲಿ ಕಾಫಿ ಕುಡಿಯುತ್ತಿರುವಾಗಲೇ ಬಂದವರು ಅವರ ಕಾಲಿಗೆ ಬಿದ್ದರು. ದೇವಸ್ಥಾನದಲ್ಲಿ ತೀರ್ಥಕ್ಕೆ ಸಾಲಿನಲ್ಲಿ ಹನ್ನೆರಡನೆಯವರಾಗಿ ನಿಲ್ಲುತ್ತಿದ್ದವರನ್ನು ಅರ್ಚಕರು ಕೈಸನ್ನೆ ಮಾಡಿ ಮುಂದೆ ಕರೆದರು. ವಿಷ್ಣುತೀರ್ಥರು ಒಂದು ಸಲ, ಒಂದೇ ಸಲ, ತಿದ್ದಲು ನೋಡಿದರು.

"ವ್ಯಾಸ ಅಲ್ಲ ಅತ್ತೆ, ಬೇಸ್."

"ಅದೇ ಕಣೋ, ವ್ಯಾಸ," ಎಂದರು ರತ್ನಾವತಿ. ಅಲ್ಲಿಗೆ ತಿದ್ದುಪಡಿ ಮುಗಿಯಿತು.

ನಿಜ ಹೇಳಬೇಕೆಂದರೆ ವಿಷ್ಣುತೀರ್ಥರು ಅದಕ್ಕಿಂತ ಹೆಚ್ಚು ಪ್ರಯತ್ನಪಡಲಿಲ್ಲ. ಅರವತ್ತೊಂದು ವರ್ಷದಲ್ಲಿ ಅವರು ಒಳಗೆ ಬಂದಾಗ ಎದ್ದು ನಿಂತವರು ರೈಲಿನಲ್ಲಿ ಮುಂದಿನ ಸ್ಟೇಷನ್ನಿಗೆ ಇಳಿಯುವವರು ಮಾತ್ರ. ಈಗ ಸಿಕ್ಕದ್ದನ್ನು ಕೈಯಾರೆ ಕಳೆದುಕೊಳ್ಳುವಷ್ಟು ವೈರಾಗ್ಯ ಅವರಲ್ಲಿರಲಿಲ್ಲ. ಅಲ್ಲದೆ ಎಲ್ಲಿಗೆ ಎಂದು ತಿಳಿದರೇನು, ಯಾರಾದರೊಬ್ಬರು ಬೇಡ ಎಂದರೆ ಸಾಕು. ವಾಕ್ಯ ಹೇಗೂ ಸಿದ್ಧವಿತ್ತು. ವ್ಯಾಸ ಕ್ಯಾಂಪಿಗೆ ಹೊರಟವನನ್ನು ತಡೆಯುವ ಪಾಪ ಕಟ್ಟಿಕೊಳ್ಳಲು ಮಾತ್ರ ಯಾರೂ ತಯಾರಿರಲಿಲ್ಲ.

ಕೃಷ್ಣಪ್ರಸಾದರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಬೇಸ್ ಕ್ಯಾಂಪ್ ಎಂದರೇನು ಎಂಬುದು ಅವರಿಗೆ ಖಂಡಿತ ಗೊತ್ತಿತ್ತು. ಆದರೆ ಷಡ್ಡಕ ಬೆಟ್ಟ ಹತ್ತಿದ ಎನ್ನುವುದಕ್ಕಿಂತ ಷಡ್ಡಕ ಮನೆ ಬಿಟ್ಟ ಎನ್ನುವುದು ಅವರಿಗೆ ಹಿತವಾಗಿತ್ತು. ಸೊಸೆಗೂ ಗೊತ್ತಿತ್ತು, ಹನ್ನೊಂದೇ ದಿನ ಎಂದು. ಅವಳು ಒಂದು ಸಂಜೆ ಟೇಪು ಹಿಡಿದು ಚಿಕ್ಕ ಕೋಣೆಗೆ ಬಂದು ಗೋಡೆಯ ಅಳತೆ ತೆಗೆದುಕೊಂಡಳು. ಮಾವನವರು ಬರುವವರೆಗೆ ಮಾತ್ರ ಟ್ಯೂಷನ್ ಈ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ವಿನಯದಿಂದಲೇ ಹೇಳಿದಳು. ಹನ್ನೊಂದು ದಿನಕ್ಕೆ ಗೋಡೆಯ ಅಳತೆ ಏಕೆ ಬೇಕು ಎಂದು ವಿಷ್ಣುತೀರ್ಥರಿಗೆ ಹೊಳೆಯಲಿಲ್ಲ, ಹೊಳೆದರೂ ಕೇಳುವ ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಚಾರಣದ ಕಂಪನಿಯಿಂದ ಎಂಟು ಪುಟದ ಪಟ್ಟಿ ಬಂತು. ಉಣ್ಣೆಯ ಒಳಉಡುಪು ಮೂರು ಜೊತೆ, ಕಿವಿ ಮುಚ್ಚುವ ಟೊಪ್ಪಿ, ನೀರಿಳಿಯದ ಶೂ, ಊರುಗೋಲು ಎರಡು. ಮೇ ತಿಂಗಳ ಅಗ್ನಿನಕ್ಷತ್ರದ ಬಿಸಿಲಿನಲ್ಲಿ ಅವರು ಉಣ್ಣೆಯ ಒಳಚಡ್ಡಿ ಕೇಳಿಕೊಂಡು ಮಾಂಬಲಂನ ಅಂಗಡಿ ಅಂಗಡಿ ಸುತ್ತಿದರು. ಒಬ್ಬ ಅಂಗಡಿಯವನು ಕುರ್ಚಿ ಕೊಟ್ಟು ಕೂಡಿಸಿ ಮಜ್ಜಿಗೆ ಕುಡಿಸಿ, ಮನೆಯವರ ಫೋನ್ ನಂಬರು ಕೇಳಿದ. ದಿನಾ ಬೆಳಿಗ್ಗೆ ಎಂಟು ಕಿಲೋ ಹೊರೆ ಹೊತ್ತು ಮೆಟ್ಟಿಲು ಹತ್ತಿ ಇಳಿಯಬೇಕು ಎಂದೂ ಪಟ್ಟಿಯಲ್ಲಿತ್ತು. ಮನೆಯಲ್ಲಿ ಹತ್ತು ಕಿಲೋದ ಅಕ್ಕಿ ಚೀಲವಿತ್ತು. ಎರಡು ಕಿಲೋ ಹೆಚ್ಚಾದರೆ ಪುಣ್ಯವೇ ಹೆಚ್ಚು ಎಂದು ಅದನ್ನೇ ಬೆನ್ನ ಚೀಲಕ್ಕೆ ತುಂಬಿ ಅವರು ಅಪಾರ್ಟ್‌ಮೆಂಟಿನ ಮೆಟ್ಟಿಲುಗಳಿಗೆ ಇಳಿದರು.

ಮೊದಲ ಮಹಡಿಯಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಕಿಟ್ಟು ಇದ್ದರು. ಅವರು ತಮಿಳರು, ವ್ಯಾಸ ಕ್ಯಾಂಪಿನ ಸುದ್ದಿ ಅವರ ಮನೆಗೂ ಬಂದಿತ್ತು. ಮೂರು ದಿನ ಬಾಗಿಲ ಸಂದಿಯಿಂದ ನೋಡಿದರು. ಒಬ್ಬ ವಯಸ್ಸಾದ ಗಂಡಸು ಅಕ್ಕಿ ಚೀಲ ಬೆನ್ನಿಗೆ ಕಟ್ಟಿಕೊಂಡು ಬೆವರು ಸುರಿಸುತ್ತ ಮನೆಯಿಂದ ಇಳಿಯುತ್ತಾನೆ, ಗೇಟಿನವರೆಗೆ ಹೋಗುತ್ತಾನೆ, ನಿಂತು ಮೇಲೆ ನೋಡುತ್ತಾನೆ, ಮತ್ತೆ ಹತ್ತುತ್ತಾನೆ. ಸಂಸಾರದ ಬಂಧನ ಕಾಲೆಳೆಯುತ್ತಿದೆ ಎಂದು ಕಿಟ್ಟು ಅರ್ಥ ಮಾಡಿಕೊಂಡರು. ನಾಲ್ಕನೆಯ ದಿನ ಮೆಟ್ಟಿಲ ಮೇಲೆ ಅಡ್ಡ ನಿಂತು, ಇಂಥ ಹೊತ್ತಿನಲ್ಲಿ ಹಿಂದೆ ತಿರುಗಿ ನೋಡಬಾರದು ಎಂದು ಧೈರ್ಯ ಹೇಳಿದರು. ಧೈರ್ಯ ಹೇಳಿ ಮುಗಿದ ಮೇಲೆ ದನಿ ತಗ್ಗಿಸಿ, "ಸಾರ್, ಅಂದ ಸ್ಕೂಟರ್?" ಎಂದು ಆ ಸ್ಕೂಟರಿನ ಗತಿ ಕೇಳಿದರು.

ಕೆಳಗಿನ ಪಾರ್ಕಿಂಗಿನಲ್ಲಿ ವಿಷ್ಣುತೀರ್ಥರ ಹಳೆಯ ಸ್ಕೂಟರ್ ನಿಲ್ಲುವ ಜಾಗದ ಮೇಲೆ ಕಿಟ್ಟುವಿಗೆ ಬಹಳ ದಿನದಿಂದ ಕಣ್ಣಿತ್ತು. ಸಂಜೆಯೇ ಒಂದು ಟೈಪು ಮಾಡಿದ ಕಾಗದದೊಂದಿಗೆ ಬಂದರು. ಸದರಿ ಸದಸ್ಯರು ಮರಳಿ ಬರುವ ಉದ್ದೇಶವಿಲ್ಲದೆ ಹೊರಡುತ್ತಿರುವುದರಿಂದ ಜಾಗವನ್ನು ಅಸೋಸಿಯೇಷನ್ನಿಗೆ ಬಿಟ್ಟುಕೊಡಲು ಅವರ ಅಭ್ಯಂತರವೇನೂ ಇಲ್ಲ ಎಂದಿತ್ತು. ಈಗಲಾದರೂ ಹೆಂಡತಿ ಬಾಯಿ ಬಿಡುತ್ತಾಳೆ ಎಂದು ವಿಷ್ಣುತೀರ್ಥರು ಬೇಕೆಂದೇ ತಡಮಾಡಿದರು. ಕನ್ನಡಕ ಹುಡುಕಿದರು, ಕಾಗದವನ್ನು ಎರಡು ಸಲ ಓದಿದರು, ಪೆನ್ನು ಇಲ್ಲ ಎಂದರು. ನೀರಜಾ ಒಳಗೆ ಹೋಗಿ ಪೆನ್ನು ತಂದುಕೊಟ್ಟಳು.

ನೀರಜಾಳ ವಿಷಯ ಅವರಿಗೆ ಅರ್ಥವೇ ಆಗಲಿಲ್ಲ. ಒಂದು ತಿಂಗಳಿಂದ ಅವರು ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಮಾಮೂಲಿಗಿಂತ ಹಗುರಾಗಿ ಓಡಾಡುತ್ತಿದ್ದಳು. ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಳು. ಕ್ಯಾಲೆಂಡರಿನಲ್ಲಿ ಜೂನ್ ಎಂಟಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಳು. ಉಣ್ಣೆಯ ಟೊಪ್ಪಿಯನ್ನು ತಾನೇ ಹೆಣೆದುಕೊಟ್ಟಳು, ಅದೂ ಎರಡೇ ದಿನದಲ್ಲಿ. ಮೂವತ್ತೇಳು ವರ್ಷ ಜೊತೆಗಿದ್ದವಳು ಒಂದು ಬೇಡ ಎನ್ನಲು ಇಷ್ಟು ಜಿಪುಣತನ ಮಾಡಬೇಕೆ ಎಂದು ಅವರು ಮನಸ್ಸಿನಲ್ಲೇ ಕೊರಗಿದರು.

ಹೊರಡುವ ದಿನಕ್ಕೆ ಎರಡು ದಿನ ಇರುವಾಗ ವೈದ್ಯರ ಸರ್ಟಿಫಿಕೇಟ್ ಒಂದು ಬಾಕಿ ಉಳಿದಿತ್ತು. ಕೋಡಂಬಾಕ್ಕಂ ಸೇತುವೆಯ ಹತ್ತಿರ ಒಬ್ಬ ಡಾಕ್ಟರಮ್ಮ ಇದ್ದರು. ಅವರು ರಕ್ತದೊತ್ತಡ ನೋಡಿದರು, ಇನ್ನೊಂದು ಸಲ ನೋಡಿದರು, ಎದೆಗೆ ವೈರು ಅಂಟಿಸಿ ಕಾಗದ ತೆಗೆದರು, ಬೆರಳು ಚುಚ್ಚಿ ಸಕ್ಕರೆ ನೋಡಿದರು. ಎಲ್ಲ ಆದ ಮೇಲೆ ಪೆನ್ನು ಕೆಳಗಿಟ್ಟರು.

"ವೇಂಡಾಂ ಸಾರ್. ನೀಂಗ ಪೋಗಾದೀಂಗ."

ಬೇಡ, ಹೋಗಬೇಡಿ. ವಿಷ್ಣುತೀರ್ಥರು ಇನ್ನೊಂದು ಸಲ ಹೇಳಿ ಎಂದು ಬೇಡಿಕೊಂಡರು. ಕಿವಿ ಮಂದವೆಂದು ತಿಳಿದ ಡಾಕ್ಟರಮ್ಮ ಜೋರಾಗಿ, ಹೊರಗಿನ ಬೆಂಚಿನವರಿಗೂ ಕೇಳುವಂತೆ ಹೇಳಿದರು. ಅಷ್ಟು ಎತ್ತರಕ್ಕೆ ಹೋದರೆ ಜೀವಕ್ಕೇ ಅಪಾಯ, ಸುಮ್ಮನೆ ಮನೆಯಲ್ಲಿರಿ, ಕಾಫಿಗೆ ಸಕ್ಕರೆ ನಿಲ್ಲಿಸಿ. ವಿಷ್ಣುತೀರ್ಥರ ಕಣ್ಣಲ್ಲಿ ನೀರು ಬಂತು. ಒಂದು ತಿಂಗಳಿನಿಂದ ಹೆತ್ತ ಮಗ, ಕೈಹಿಡಿದವಳು, ಎತ್ತಿ ಆಡಿಸಿದ ಅತ್ತೆ ಯಾರೂ ಹೇಳದ ಮಾತನ್ನು ಮೊದಲ ಸಲ ಮುಖ ನೋಡಿದ ಒಬ್ಬಾಕೆ ಹೇಳಿದ್ದರು. ಅವರು ಎದ್ದು ನಿಂತು, ಕಾದಿರಿಸಿದ್ದ ವಾಕ್ಯವನ್ನು ತಮಿಳಿನಲ್ಲಿ ಅವರಿಗೇ ಒಪ್ಪಿಸಿದರು: ನೀವು ಇಷ್ಟು ಹೇಳುತ್ತಿರುವುದರಿಂದ ನನ್ನ ಆಸೆ ನುಂಗಿಕೊಳ್ಳುತ್ತೇನೆ. ಡಾಕ್ಟರಮ್ಮ ಫಾರಮಿನ ಮೇಲೆ 'ಅನ್‌ಫಿಟ್' ಎಂದು ದಪ್ಪಗೆ ಬರೆದು, ಮುಂದಿನವರನ್ನು ಕರೆದರು.

ಅವರು ಆ ಕಾಗದವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ದಾರಿಯಲ್ಲಿ ನೀರಜಾಳಿಗೆಂದು ಎರಡು ಮೊಳ ಮಲ್ಲಿಗೆ ಕೊಂಡರು. ಮದುವೆಯಾದ ಹೊಸತರಲ್ಲಿ ಕೊಂಡಿದ್ದು ಬಿಟ್ಟರೆ ಇದೇ. ಅಪಾರ್ಟ್‌ಮೆಂಟಿನ ಗೇಟು ದಾಟುವಾಗ ಸ್ಕೂಟರಿನ ಜಾಗದಲ್ಲಿ ಒಂದು ಮಂಚ ಕಂಡಿತು. ಮಂಚದ ಮೇಲೆ ವಾಚ್‌ಮನ್ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಪರಿಚಯದ ಮಂಚದ ಹಾಗಿದೆಯಲ್ಲ ಎಂದುಕೊಳ್ಳುತ್ತ ಅವರು ಲಿಫ್ಟು ಹತ್ತಿದರು. ಎರಡನೆಯ ಮಹಡಿ ಬರುವ ಮೊದಲೇ ಅದು ಯಾರ ಮಂಚ ಎಂದು ತಿಳಿಯಿತು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಮೂವತ್ತು ಜನ. ರತ್ನಾವತಿಯವರ ಏರ್ಪಾಡಿನಲ್ಲಿ ಬೀಳ್ಕೊಡುಗೆ ನಡೆಯುವುದಿತ್ತು. ಶಾಸ್ತ್ರದಲ್ಲಿ ಅಂದೇ ದಿನ ಚೆನ್ನಾಗಿತ್ತಂತೆ. ಹೆಂಗಸರು ನೀರಜಾಳಿಗೆ ಪುಣ್ಯವಂತೆ ಎಂದು ಅರಿಶಿನ ಕುಂಕುಮ ಕೊಡುತ್ತಿದ್ದರು. ಚಿಕ್ಕ ಕೋಣೆಯ ಗೋಡೆಗೆ ಅಷ್ಟಗಲದ ಬಿಳಿ ಬೋರ್ಡು ಮೊಳೆ ಹೊಡೆದು ಕೂತಿತ್ತು. ಅದರ ಮೇಲೆ ಯಾವುದೋ ಸಮೀಕರಣವೂ ಆಗಲೇ ಹತ್ತಿತ್ತು.

ವಿಷ್ಣುತೀರ್ಥರು ಬಾಗಿಲಲ್ಲೇ ನಿಂತು ಗಂಟಲು ಸರಿಮಾಡಿಕೊಂಡರು. ತಾವು ಹೋಗುವಂತಿಲ್ಲ, ಡಾಕ್ಟರು ಬರೆದುಕೊಟ್ಟಿದ್ದಾರೆ ಎಂದು ಕಾಗದ ತೆಗೆದು ಎತ್ತಿ ಹಿಡಿದರು. ಕೃಷ್ಣಪ್ರಸಾದರು ಅದನ್ನು ಕಸಿದುಕೊಂಡು ಓದಿ, ಅತ್ತೆಯ ಕಿವಿಯ ಹತ್ತಿರ ಬಾಗಿ, ಅನ್‌ಫಿಟ್ ಅಂತ ಬರೆದಿದಾರೆ ಎಂದು ಕೂಗಿದರು. ರತ್ನಾವತಿ ಕಣ್ಣು ಮುಚ್ಚಿ ಕೈ ಮುಗಿದರು.

"ನೋಡಿದ್ರಾ, ಸಂಸಾರಕ್ಕೆ ಅನ್‌ಫಿಟ್ ಅಂತ ಡಾಕ್ಟರೇ ಬರ್ಕೊಟ್ಟಿದಾರೆ. ಇನ್ಯಾತಕ್ಕೆ ತಡ?"

ಸಭೆ ತಲೆದೂಗಿತು. ಅವರ ಕೈಯಲ್ಲಿದ್ದ ಮಲ್ಲಿಗೆಯನ್ನು ಯಾರೋ ತೆಗೆದುಕೊಂಡು ಬೆನ್ನ ಚೀಲಕ್ಕೆ ಸುತ್ತಿದರು. ಎಲ್ಲರೂ ಸಾಲಾಗಿ ಬಂದು ಕಾಲಿಗೆ ಬಿದ್ದರು. ಗುವಾಹಟಿ, ನಾಗ್ಪುರ ಕ್ಯಾಂಪುಗಳ ಕೃಷ್ಣಪ್ರಸಾದರೂ ಬಿದ್ದರು. ಒಂದು ತಿಂಗಳ ಕೆಳಗೆ ಇದೇ ಆಗಿದ್ದರೆ ವಿಷ್ಣುತೀರ್ಥರು ಸಂತೋಷದಿಂದ ಸತ್ತೇ ಹೋಗುತ್ತಿದ್ದರು. ಆದರೆ ಅವರ ಕಿವಿ ಈಗ ಬೇರೊಂದಕ್ಕೆ ಕಾಯುತ್ತಿತ್ತು. ನಮ್ಮಲ್ಲಿ ಬೀದಿಯ ತುದಿಯ ಅಂಗಡಿಗೆ ಹೊರಟವರಿಗೂ 'ಹೋಗಿ ಬನ್ನಿ' ಎನ್ನುತ್ತಾರೆ. ಅಂದು ಬಂದ ಮೂವತ್ತು ಜನರಲ್ಲಿ ಒಬ್ಬರೂ 'ಬನ್ನಿ' ಎನ್ನಲಿಲ್ಲ. ಎಲ್ಲರೂ ಕೈಮುಗಿದು 'ಹೋಗಿ' ಎಂದಷ್ಟೇ ಹೇಳಿ, ಹೊರಗೆ ಚಪ್ಪಲಿ ಹುಡುಕಿಕೊಂಡರು.

ಎಲ್ಲ ಹೋದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ನೀರಜಾ ಲೋಟಗಳನ್ನು ತೊಳೆಯುತ್ತಿದ್ದಳು.

"ಅವರೆಲ್ಲ ಏನಾದ್ರೂ ತಿಳ್ಕೊಳ್ಳಲಿ. ನಿಂಗೆ ಗೊತ್ತಲ್ಲ, ಅದು ಹನ್ನೊಂದು ದಿನದ ಬೆಟ್ಟ ಅಂತ. ಡಾಕ್ಟರು ಬೇಡ ಅಂದಿದಾರೆ ನೀರಜಾ. ನಾನು ಹೋಗಲ್ಲ."

ಅವಳು ಕೊಳಾಯಿ ನಿಲ್ಲಿಸಿದಳು. ತಿರುಗಿ ನೋಡಿದ ಮುಖದಲ್ಲಿ ಗಾಬರಿ ಇತ್ತು. ಅದು ಡಾಕ್ಟರ ಮಾತಿಗೆ ಬಂದ ಗಾಬರಿಯಲ್ಲ ಎಂಬುದು ಅವರಿಗೆ ಸ್ವಲ್ಪ ತಡವಾಗಿ ಗೊತ್ತಾಯಿತು.

"ಹೋಗಲ್ವಾ?" ಎಂದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಮೆಲ್ಲಗೆ, ಜಗಳದ ದನಿಯಿಲ್ಲದೆ ಹೇಳಿದಳು. "ನಮ್ಮಕ್ಕನಿಗೆ ವರ್ಷಕ್ಕೆ ಎರಡು ತಿಂಗಳು ಭಾವ ಕ್ಯಾಂಪು. ಆ ಎರಡು ತಿಂಗಳು ಅವಳು ಮಧ್ಯಾಹ್ನ ಒಲೆ ಹಚ್ತಿರಲಿಲ್ಲ. ಮೊಸರನ್ನ ತಿಂದು ಮಲಗ್ತಿದ್ಲು. ನಂಗೆ ಫೋನ್ ಮಾಡಿ ನಗ್ತಿದ್ಲು. ಮೂವತ್ತಾರು ವರ್ಷ ನಾನು ಐದೂವರೆಗೆ ನಿಮ್ಮ ಕ್ಯಾರಿಯರ್ ಕಟ್ಟಿದೆ ರೀ. ಒಂದು ದಿನ ನೀವು ಊರು ಬಿಟ್ಟಿಲ್ಲ. ನೀವು ಕ್ಯಾಂಪ್ ಅಂದ್ರಿ, ನಂಗೂ ಒಂದು ಕ್ಯಾಂಪ್ ಆಯ್ತು ಅಂದ್ಕೊಂಡೆ."

ಕ್ಯಾಂಪು ಎಂಬ ಪದಕ್ಕೆ ಈ ಅರ್ಥವೂ ಇದೆಯೆಂದು ವಿಷ್ಣುತೀರ್ಥರಿಗೆ ಯಾರೂ ಹೇಳಿರಲಿಲ್ಲ. ಅಭ್ಯಾಸಬಲದಿಂದ ಕಾಫಿ ಎನ್ನಲು ಬಾಯಿ ತೆರೆದು, ಮುಚ್ಚಿಕೊಂಡರು. ಕ್ಯಾಲೆಂಡರಿನ ಕೆಂಪು ಸುತ್ತು ಯಾರ ರಜೆಯದ್ದು ಎಂಬುದು ಆಗ ಅರ್ಥವಾಯಿತು, ಬಹಳ ನೋವಾಯಿತು.

ಎಂಟನೆಯ ತಾರೀಕು ಬೆಳಿಗ್ಗೆ ಅವರು ನೀರಿಳಿಯದ ಶೂ ತೊಟ್ಟು, ಎರಡು ಊರುಗೋಲು ಹಿಡಿದು, ಚೀಲ ಬೆನ್ನಿಗೇರಿಸಿ ನಿಂತರು. ಡಾಕ್ಟರ ಕಾಗದದ ವಿಷಯ ಮತ್ತೆ ಯಾರೂ ಎತ್ತಲಿಲ್ಲ. ಮಗ ಸ್ಟೇಷನ್ನಿಗೆ ಬರುವೆನೆಂದ, ಇವರು ಬೇಡವೆಂದರು, ಅವನು ಸರಿ ಎಂದ. ನೀರಜಾ ಬಾಗಿಲವರೆಗೆ ಬಂದಳು.

"ಹೋಗಿ, ನಿಧಾನವಾಗಿ ಬನ್ನಿ," ಎಂದಳು.

ಬನ್ನಿ ಎಂದಳು! ಆ ಒಂದು ಮಾತನ್ನು ಕಚ್ಚಿಕೊಂಡು ಅವರು ಮೆಟ್ಟಿಲಿಳಿದರು. ಅದರ ಹಿಂದಿದ್ದ 'ನಿಧಾನವಾಗಿ' ಎಂಬುದನ್ನು ಅಷ್ಟಾಗಿ ಗಮನಿಸಲಿಲ್ಲ.

ಮಾಂಬಲಂನಲ್ಲಿ ಗಾಡಿ ಹತ್ತಿ ಪಾರ್ಕಿನಲ್ಲಿ ಇಳಿದರು. ರಸ್ತೆ ದಾಟಿದರೆ ಸೆಂಟ್ರಲ್. ಅಲ್ಲಿ ದೆಹಲಿಯ ಗಾಡಿ ನಿಂತಿತ್ತು. ಬೆಟ್ಟ ಹತ್ತಿದರೆ ಸಾಯುವುದು ಖಂಡಿತ, ಮನೆಗೆ ವಾಪಸು ಹೋದರೆ ಮಲಗಲು ಮಂಚವಿಲ್ಲ, ಹೆಂಡತಿಯ ರಜೆ ಬೇರೆ ಹಾಳು. ಮನುಷ್ಯ ಹೀಗೆ ನಡುವೆ ನಿಂತಾಗ ಕಾಲುಗಳು ತಮಗೆ ಗೊತ್ತಿರುವ ಕೆಲಸ ಮಾಡುತ್ತವೆ. ಅವರ ಕಾಲುಗಳು ಮೂವತ್ತಾರು ವರ್ಷದ ಅಭ್ಯಾಸದಂತೆ ಪಕ್ಕದ ಲೋಕಲ್ ಗಾಡಿಗೆ ನಡೆದು ಪೆರಂಬೂರಿನಲ್ಲಿ ಇಳಿದವು.

ವರ್ಕ್‌ಶಾಪಿನ ಗೇಟಿಗೆ ಕಾಣುವಂತೆ ಒಂದು ಹಳೆಯ ಲಾಡ್ಜು ಇತ್ತು. ಅದರ ರಿಜಿಸ್ಟರಿನಲ್ಲಿ ಬಂದ ಉದ್ದೇಶ ಎಂಬ ಕಾಲಮಿನ ಮುಂದೆ ಅವರು ಸ್ವಲ್ಪ ಯೋಚಿಸಿ 'ಕ್ಯಾಂಪ್' ಎಂದು ಬರೆದರು. ಲಾಡ್ಜಿನವನು ತಟ್ಟನೆ ಎದ್ದು ನಿಂತು ಚೀಲ ಎತ್ತಿಕೊಂಡ. ಅಂದಿನಿಂದ ಅಲ್ಲಿ ಅವರು ಕ್ಯಾಂಪ್ ಸಾರ್ ಆದರು. ದಿನಾ ಬೆಳಿಗ್ಗೆ ಸೈರನ್ನಿಗೆ ಎದ್ದು, ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಿಟಕಿಯಲ್ಲಿ ನಿಂತು, ಜನ ಗೇಟಿನೊಳಗೆ ಹೋಗುವುದನ್ನು ನೋಡುತ್ತಿದ್ದರು. ಮೆಸ್ಸಿನಲ್ಲಿ ಸಾರು ನೀರಾಗಿತ್ತು. ಸಕ್ಕರೆಯಿಲ್ಲದ ಕಾಫಿ ಕೇಳಲು ನಾಚಿಕೆಯಾಗಿ ಕಾಫಿಯನ್ನೇ ಬಿಟ್ಟರು. ಸೆಖೆಯಲ್ಲಿ ಉಣ್ಣೆಯ ಟೊಪ್ಪಿಯನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದರು. ಹನ್ನೊಂದು ದಿನದಲ್ಲಿ ಮನೆಯಿಂದ ಒಂದು ಫೋನೂ ಬರಲಿಲ್ಲ. ಬೆಟ್ಟದ ಮೇಲೆ ಸಿಗ್ನಲ್ ಇರುವುದಿಲ್ಲ ಎಂದು ಅವರೇ ಮನೆಯವರ ಪರವಾಗಿ ವಾದ ಮಾಡಿಕೊಂಡರು.

ಹನ್ನೆರಡನೆಯ ದಿನ ಮಧ್ಯಾಹ್ನ ಅವರು ವೆಸ್ಟ್ ಮಾಂಬಲಂನ ಓಣಿಯಲ್ಲಿ ಕಾಣಿಸಿಕೊಂಡಾಗ ಎದುರು ಸಿಕ್ಕವರು ಮಾತು ನಿಲ್ಲಿಸಿದರು. ವಾಪಸು ಬಂದವರನ್ನು ಏನೆಂದು ಸ್ವಾಗತಿಸಬೇಕು ಎಂಬುದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿರಲಿಲ್ಲ. ಕಿಟ್ಟು ಪಾರ್ಕಿಂಗಿನಲ್ಲಿ ತಮ್ಮ ಕಾರು ಒರೆಸುತ್ತಿದ್ದವರು ಕಂಬದ ಮರೆಗೆ ಹೋದರು. ಸುದ್ದಿ ಕ್ಷಣದಲ್ಲಿ ರತ್ನಾವತಿಯವರಿಗೆ ಮುಟ್ಟಿತು. ಅವರು ನಿಟ್ಟುಸಿರು ಬಿಟ್ಟು ಲ್ಯಾಂಡ್‌ಲೈನ್ ಎತ್ತಿಕೊಂಡು, "ಅಯ್ಯೋ ಪಾವಂ, ಅಲ್ಲೂ ಅನ್‌ಫಿಟ್ ಅಂದ್ಬಿಟ್ರಂತೆ ಕಣೇ," ಎಂದು ಶುರುಮಾಡಿದರಂತೆ.

ಮನೆಯಲ್ಲಿ ನೀರಜಾ ಹಾಲಿನಲ್ಲಿ ಚಾಪೆಯ ಮೇಲೆ ಮಲಗಿದ್ದಳು. ಪಕ್ಕದಲ್ಲಿ ಮೊಸರನ್ನದ ತಟ್ಟೆ. ಹನ್ನೊಂದು ದಿನದಲ್ಲಿ ಅವಳ ಮುಖ ತುಂಬಿಕೊಂಡಿತ್ತು. ಇವರನ್ನು ನೋಡಿ ಎದ್ದಳು, ಏನೂ ಕೇಳದೆ ಒಳಗೆ ಹೋಗಿ ಕಾಫಿ ತಂದಿಟ್ಟಳು. ವಿಷ್ಣುತೀರ್ಥರು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಹಿಮದ ವರ್ಣನೆಯನ್ನು ಶುರುಮಾಡುವ ಮೊದಲು ಒಂದು ಗುಟುಕು ಕುಡಿದರು. ಸಕ್ಕರೆ ಇರಲಿಲ್ಲ.

"ಡಾಕ್ಟರ ಚೀಟಿ ಓದಿದೆ," ಎಂದಳು ನೀರಜಾ. ಆಮೇಲೆ ಮಣ್ಣು ಹತ್ತದ ಶೂಗಳನ್ನು ನೋಡಿ, "ಪೆರಂಬೂರಲ್ಲಿ ಸೆಖೆ ಜಾಸ್ತಿ ಇತ್ತಾ?" ಎಂದಳು.

ಅವರು ಲೋಟ ಕೆಳಗಿಟ್ಟರು. ಹೇಗೆ ಗೊತ್ತಾಯಿತು ಎಂದು ಅವರು ಕೇಳುವ ಮೊದಲೇ ಅವಳೇ ಹೇಳಿದಳು. ಒಂಬತ್ತನೆಯ ತಾರೀಕು ಚಾರಣದ ಕಂಪನಿಯವರು ಫೋನ್ ಮಾಡಿ, ನಿಮ್ಮ ಯಜಮಾನರು ಬರಲಿಲ್ಲವಲ್ಲ ಎಂದು ಕೇಳಿದ್ದರು. ಬರುವುದಿಲ್ಲ ಎಂದು ಹೇಳಿ ಅವಳು ಫೋನ್ ಇಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ. "ಇನ್ನೆಲ್ಲಿಗೆ ಹೋಗ್ತೀರಿ ನೀವು? ನಿಮಗೆ ಬೇರೆ ಯಾವ ಊರು ಗೊತ್ತು?"

ಚಿಕ್ಕ ಕೋಣೆಯಿಂದ ಸಂಹಿತಾ ಪಾಠ ಹೇಳುವ ದನಿ ಬರುತ್ತಿತ್ತು. ಬಾಗಿಲು ಅರ್ಧ ತೆರೆದಿತ್ತು; ಮಂಚವಿದ್ದ ಕಡೆ ಈಗ ಎರಡು ಸಾಲು ಬೆಂಚು ಇತ್ತು. ನೀರಜಾ ಮೊಸರನ್ನದ ತಟ್ಟೆ ಎತ್ತಿಕೊಂಡು ಅಡುಗೆಮನೆಯ ಕಡೆ ಎರಡು ಹೆಜ್ಜೆ ಇಟ್ಟವಳು ನಿಂತಳು.

"ಹೋಗಿದ್ದು ಹೋಗಿದ್ರಿ," ಎಂದಳು, ಬೇಸರವೇನೂ ಇಲ್ಲದ ದನಿಯಲ್ಲಿ. "ಇನ್ನೊಂದು ನಾಲ್ಕು ದಿನ ಇದ್ದು ಬರಬಹುದಿತ್ತು."

"ಇರ್ತಿದ್ದೆ," ಎಂದರು ವಿಷ್ಣುತೀರ್ಥರು. "ರೂಮು ಬೇರೆಯವರಿಗೆ ಕೊಟ್ಬಿಟ್ಟಿದ್ರು."